ಕಿಲ್ಲೆಯ ಮುಂದಿನ ಫೋಟೊದ ಎರಡನೇ ಪ್ರತಿ

2013ರ ಆಗಸ್ಟ್ 4, ಭಾನುವಾರ, ಬೆಳಿಗ್ಗೆ ಏಳೂವರೆ. ನಾಸಿಕ್‌ನಲ್ಲಿ, ಅಪ್ಪನ ಬ್ಯಾಂಕ್ ಕ್ವಾರ್ಟರ್ಸಿನ ಅಡುಗೆಮನೆ ಮೇಜಿನ ಮೇಲೆ ಇದನ್ನು ಬರೆಯಲು ಕೂತಿದ್ದೇನೆ. ಮೂರು ವಾರದಿಂದ ಕೂರಬೇಕೆಂದುಕೊಂಡು ಕೂತಿರಲಿಲ್ಲ.

ಜುಲೈ 14ರಂದು, ನಮ್ಮ ಗೇಟಿನ ಎದುರು ಏಳುತ್ತಿರುವ ಕಟ್ಟಡದಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕ್ಯಾನು ಹಿಡಿದು ನೀರಿಗೆ ಬಂದಳು. ಜೊತೆಗೆ ನಾಲ್ಕು ವರ್ಷದ ಮಗಳು. ಆಕೆ ಕೇಳಿದ್ದು ಮರಾಠಿಯಲ್ಲಿ. ನಾನು ಒಳಗೆ ತಿರುಗಿ, “ಅವ್ವಾ, ಫಿಲ್ಟರ್ ಖಾಲಿ ಆಗೇದೇನು?” ಎಂದು ಕೂಗಿದೆ. ಅಷ್ಟಕ್ಕೇ ಆಕೆ ಕ್ಯಾನು ಕೆಳಗಿಟ್ಟು ನನ್ನನ್ನೇ ನೋಡತೊಡಗಿದಳು.

“ಅಕ್ಕಾರ, ದೌಲತಾಬಾದ ಕಿಲ್ಲೇದ ಮುಂದ ಫೋಟೊ ತಗೀತಿದ್ದವ್ರು ನೀವಽ ಅಲ್ರಿ?”

ಹೌದು, ನಾನೇ. 2008-09ರಲ್ಲಿ ಔರಂಗಾಬಾದ್‌ನಲ್ಲಿ, ಈಗ ಕೆಲವರು ಸಂಭಾಜಿನಗರ ಎನ್ನುವ ಆ ಊರಲ್ಲಿ, ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೆ. ಗೆಳತಿಯೊಬ್ಬಳ ಮಾಮಾನಿಗೆ ದೌಲತಾಬಾದ್ ಕಿಲ್ಲೆಯ ಎದುರು ಫೋಟೊ ಅಂಗಡಿ ಇತ್ತು. ಭಾನುವಾರಗಳಲ್ಲಿ ನಾನು ಅಲ್ಲಿ ಕೆಲಸ ಮಾಡುತ್ತಿದ್ದೆ. ಕಿಲ್ಲೆಯ ಬಾಗಿಲ ಬಳಿ ಪೇರಲ ಹಣ್ಣಿನ ಗಾಡಿಗಳ ಪಕ್ಕ ನಮ್ಮ ಲ್ಯಾಪ್‌ಟಾಪು, ಅದಕ್ಕೇ ಕಟ್ಟಿದ ಕ್ಯಾಮೆರಾ. ಕ್ಯಾಮೆರಾದಲ್ಲಿ ಕಾರ್ಡ್ ಇರಲಿಲ್ಲ. ಚಿತ್ರ ನೇರ ಲ್ಯಾಪ್‌ಟಾಪಿಗೆ ಬರುತ್ತಿತ್ತು. ನಾನು ಬರೆದ ಪ್ರೋಗ್ರಾಂ ಅದಕ್ಕೆ ಕಿಲ್ಲೆಯ ಚಿತ್ರವಿರುವ ಅಂಚು ಸೇರಿಸಿ ಫೈಲ್ ಮಾಡುತ್ತಿತ್ತು. ಬೇವಿನ ಮರದ ಮೇಲಿಂದ ಎಳೆದ ಕೇಬಲ್ಲಿನಲ್ಲಿ ಆ ಫೈಲು ರಸ್ತೆಯಾಚೆಯ ಅಂಗಡಿಗೆ ಹೋಗಿ ಪ್ರಿಂಟಾಗುತ್ತಿತ್ತು.

ಚಿತ್ರವನ್ನು ಫೈಲಾಗಿ ಬರೆಯುವ ಕೆಲಸಕ್ಕೆ ಪುಕ್ಕಟೆ ಸಿಗುವ ಒಂದು ಲೈಬ್ರರಿ ಬಳಸಿದ್ದೆ. ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡಿ, ತುಣುಕು ತುಣುಕಾಗಿ ಒಂದು ಫಂಕ್ಷನ್ನಿನ ಕೈಗೆ ಕೊಡುತ್ತದೆ. ನಾವೇನೂ ಹೇಳದಿದ್ದರೆ ಆ ಫಂಕ್ಷನ್ ತುಣುಕುಗಳನ್ನು ಡಿಸ್ಕಿಗೆ ಬರೆಯುತ್ತದೆ. ಬೇಡವೆನಿಸಿದರೆ ಅದರ ಜಾಗದಲ್ಲಿ ನಮ್ಮದೇ ಫಂಕ್ಷನ್ ಕೂರಿಸಬಹುದು. ಆಮೇಲೆ ತುಣುಕುಗಳು ಎಲ್ಲಿಗೆ ಹೋದವು, ಉಳಿದವೋ ಇಲ್ಲವೋ ಎಂದು ಲೈಬ್ರರಿ ಕೇಳುವುದಿಲ್ಲ. ಕೊಡುವುದಷ್ಟೇ ಅದರ ಕೆಲಸ.

ನಾನು ಕೂರಿಸಿದ ಫಂಕ್ಷನ್ನಿನಲ್ಲಿ ಮುಖ್ಯವಾದ ಸಾಲುಗಳು ಎರಡು. ಒಂದು, ತುಣುಕನ್ನು ಕೇಬಲ್ಲಿಗೆ ಕಳುಹಿಸುವುದು. ಇನ್ನೊಂದು, ಅದೇ ತುಣುಕನ್ನು ಲ್ಯಾಪ್‌ಟಾಪಿನ ಡಿಸ್ಕಿಗೂ ಬರೆಯುವುದು. ಹಾಗಾಗಿ ಪ್ರತಿಯೊಂದು ಫೋಟೊದ ಪ್ರತಿಯೂ ನಮ್ಮಲ್ಲಿ ಇರುತ್ತಿತ್ತು. ‘ಪ್ರತಿ ಬೇಕಾದಾಗ ಬನ್ನಿ’ ಎಂದು ಮಾಮಾ ಮರಾಠಿಯಲ್ಲಿ ಬೋರ್ಡು ಬರೆಸಿದ್ದರು.

ಡಿಸ್ಕು ಹಳೆಯದು. ಬೇಗ ತುಂಬುತ್ತಿತ್ತು, ಬರೆಯುವಾಗ ಕರಕರ ಎಂದು ತಡೆಯುತ್ತಿತ್ತು. ಪ್ರಿಂಟ್ ಬರುವಷ್ಟರಲ್ಲಿ ಬಸ್ಸಿನವನು ಹಾರ್ನ್ ಹೊಡೆದು ಗಿರಾಕಿಗಳನ್ನು ಕರೆದುಕೊಂಡು ಹೋಗುತ್ತಿದ್ದ. “ಪೋರಿ, ನಿನ್ನ ಮಷೀನಿಗೆ ಎರಡು ಎತ್ತು ಕಟ್ಟಲೇನು?” ಎಂದು ಮಾಮಾ ಎಲ್ಲರೆದುರು ಕೇಳಿದರು. 2008ರ ಡಿಸೆಂಬರ್ 14ರಂದು ನಾನು ಎರಡನೇ ಸಾಲಿನ ಮುಂದೆ ಎರಡು ಓರೆಗೆರೆ ಎಳೆದೆ. ಹಾಗೆ ಮಾಡಿದರೆ ಸಾಲು ಕಣ್ಣಿಗೆ ಇರುತ್ತದೆ, ಕೆಲಸ ಮಾಡುವುದಿಲ್ಲ. ಒಂದು ಫೋಟೊಗೆ ನಲವತ್ತು ಸೆಕೆಂಡ್ ಹಿಡಿಯುತ್ತಿದ್ದದ್ದು ಇಪ್ಪತ್ತೊಂದಕ್ಕೆ ಇಳಿಯಿತು. ಮಾಮಾ ಭಜಿ ತರಿಸಿದರು. ಬೋರ್ಡನ್ನು ಯಾರೂ ಬದಲಾಯಿಸಲಿಲ್ಲ.

ಆ ಹೆಂಗಸು, ಅವಳ ಜೊತೆಯವರು ಬಂದದ್ದು ಅದಾದ ಮೇಲೆ, 2009ರ ಜನವರಿ 18ರ ಭಾನುವಾರ. ಅಲ್ಲೇ ಹತ್ತಿರದ ಗಂಗಾಪುರದಲ್ಲಿ ಕಟ್ಟಡದ ಕೆಲಸಕ್ಕಿದ್ದ ಯಾದಗಿರಿ ಕಡೆಯವರು, ಒಂದು ಟೆಂಪೊ ತುಂಬ. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಎಲ್ಲರೂ ಸುತ್ತುವರಿದರು. ಆಕೆ ಆಗ ಬಸುರಿ. ಕಾಲು ಬಾತಿದ್ದವೆಂದು ಬರಿಗಾಲಲ್ಲಿ ಇದ್ದಳು. ಚಪ್ಪಲಿ ಗಂಡನ ಕೈಯಲ್ಲಿತ್ತು.

“ಏನಲೇ, ಹೇಣ್ತಿ ಚಪ್ಪಲಿ ಹಿಡಕೊಂಡಽ ಫೋಟೊ ತಗಸ್ತೀಯೇನು?” ಎಂದು ಜೊತೆಯವನೊಬ್ಬ ಕೂಗಿದ.

“ನಿನ್ನ ಹೇಣ್ತಿ ನಿನಗ ಹಿಡೀಲಾಕ ಕೊಡೂದಿಲ್ಲ, ಹೊಡೀಲಾಕಽ ಬೇಕಾಗ್ತಾವ ಆಕಿಗಿ,” ಎಂದ ಇವನು. ಎಲ್ಲರೂ ನಕ್ಕರು.

ಕೆಳಗಿಡಿ ಎಂದರೆ ಇಡಲಿಲ್ಲ, ಯಾರಾದರೂ ಒಯ್ದಾರು ಎಂದ. ಬೆನ್ನ ಹಿಂದೆ ಹಿಡಿದು ನಿಂತ. ಪ್ರಿಂಟ್ ಕೈಗೆ ಕೊಡುವಾಗ ಆಕೆ, “ಇದು ಹಾಳಾದ್ರ ಏನ್ಮಾಡೂದ್ರಿ? ನಾವು ಗುಡಸಲದಾಗ ಇರವ್ರು,” ಎಂದಳು. “ಹಾಳಾದ್ರ ಮತ್ತ ಬರ್ರಿ. ಮಷೀನು ಮರೆಯೂದಿಲ್ಲ,” ಎಂದೆ ನಾನು. ಮೂರು ತಿಂಗಳಿಂದ ಎಲ್ಲರಿಗೂ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ಓರೆಗೆರೆ ಎಳೆದದ್ದು ಆ ಕ್ಷಣ ನನ್ನ ನೆನಪಿನಲ್ಲಿ ಇರಲೇ ಇಲ್ಲ. ಅವತ್ತಿನ ದಿನಚರಿಯಲ್ಲಿ ಹೀಗಿದೆ: ‘ಫೋಟೊ 57. ಕೆಟ್ಟ ಪ್ರಿಂಟ್ 3. ಕನ್ನಡದವರು, ಒಂದು ಟೆಂಪೊ.’

ಈಗ ಗೇಟಿನ ಬಳಿ ನಿಂತು ಆಕೆ ಉಳಿದದ್ದನ್ನು ಹೇಳಿದಳು. ಎರಡು ವರ್ಷದ ಹಿಂದೆ ನಿಫಾಡಿನ ದ್ರಾಕ್ಷಿ ತೋಟದಲ್ಲಿ ಕೆಲಸಕ್ಕಿದ್ದಾಗ ಗಂಡನಿಗೆ ಕಾಮಾಲೆಯಾಯಿತು. ಹದಿನೈದು ದಿನವೂ ಬದುಕಲಿಲ್ಲ.

“ಈ ಮಳ್ಯಾಗ ಗುಡಸಲ ಸೋರಿ ಫೋಟೊ ಪ್ಲಾಸ್ಟಿಕ್‌ಗಿ ಅಂಟ್ಕೊಂಡಿತ್ರಿ. ಬಿಡಸಾಕ ಹೋದೆ, ಮುಖಾನಽ ಕಿತ್ತು ಬಂತು. ನಂದು ಹಂಗಽ ಅದ. ಅವಂದು ಹೋತು, ಗಿಳಿಹಸಿರು ಅಂಗಿ ಅಷ್ಟಽ ಉಳದದ.”

“ಊರಾಗ ಬ್ಯಾರೆ ಯಾವುದೂ ಇಲ್ಲೇನು?”

“ಓಟಿನ ಚೀಟಿ ಅದರಿ. ಅದರಾಗ ಮಾರಿ ಬರೇ ಕರ್ರಗ. ನನಗಽ ಗುರ್ತು ಸಿಗಂಗಿಲ್ಲ, ಈಕಿಗಿ ಏನು ತೋರಸ್ಲಿ?”

ಮಗಳು ಅಮ್ಮನ ಸೆರಗು ಎಳೆದು, ತನ್ನ ಅಪ್ಪನ ಫೋಟೊ ಇವರ ಹತ್ತಿರ ಇದೆಯಾ ಎಂದು ಮರಾಠಿಯಲ್ಲಿ ಕೇಳಿತು. ನಾನು ಹುಡುಕಿ ಹೇಳುತ್ತೇನೆ ಎಂದೆ. ಇಲ್ಲವೆಂದು ಗೊತ್ತಿದ್ದೂ ಹಾಗೆ ಹೇಳಿದೆ.

ಮುಂದಿನ ಶನಿವಾರ ದೌಲತಾಬಾದಿಗೆ ಹೋದೆ. ಫೋಟೊ ಅಂಗಡಿಯ ಜಾಗದಲ್ಲಿ ಮೊಬೈಲ್ ಕವರು, ಟೋಪಿ ಮಾರುತ್ತಿದ್ದಾರೆ. ಮಾಮಾ ಅಟ್ಟದಿಂದ ಹಳೆಯ ಲ್ಯಾಪ್‌ಟಾಪನ್ನು ಇಳಿಸಿಕೊಟ್ಟರು. ಪ್ಲಗ್ ಹಾಕಿದರೆ ಶುರುವಾಯಿತು. ಫೋಟೊಗಳು ಇದ್ದವು, ಕೊನೆಯದು ಡಿಸೆಂಬರ್ 7ರದು. ಅಳಿಸಿದ ಫೈಲುಗಳನ್ನು ಹುಡುಕಿ ತೆಗೆಯುವ ಪ್ರೋಗ್ರಾಂ ಕೂಡ ಹಾಕಿ ನೋಡಿದೆ. ಅಳಿಸಿದ್ದಾದರೆ ಸಿಕ್ಕೀತು, ಇದು ಡಿಸ್ಕನ್ನು ಮುಟ್ಟಿಯೇ ಇರಲಿಲ್ಲ. ಅಂಗಡಿಯ ಕಂಪ್ಯೂಟರ್ ಒಂದು ಚಿತ್ರ ಪ್ರಿಂಟಾದ ಕೂಡಲೇ ಅದನ್ನು ಬಿಟ್ಟು ಮುಂದಿನದಕ್ಕೆ ಜಾಗ ಮಾಡುತ್ತಿತ್ತು. ಅದನ್ನೂ ನಾನೇ ಹಾಗೆ ಮಾಡಿದ್ದೆ.

ನನ್ನ ಫಂಕ್ಷನ್ ಇನ್ನೂ ಅಲ್ಲೇ ಇತ್ತು. ಎರಡನೇ ಸಾಲು, ಅದರ ಮುಂದೆ ಎರಡು ಓರೆಗೆರೆ, ಪಕ್ಕದಲ್ಲಿ ನಾನೇ ಟೈಪ್ ಮಾಡಿದ ಟಿಪ್ಪಣಿ: ಸದ್ಯಕ್ಕೆ ಬೇಡ. ಗೆರೆಗಳನ್ನು ಅಳಿಸಿ ನೋಡಿದೆ. ಪ್ರೋಗ್ರಾಂ ಸರಿಯಾಗಿಯೇ ಓಡಿತು, ಡಿಸ್ಕು ಕರಕರ ಎಂದಿತು. ಒಳಗೆ ಏನೂ ಇಲ್ಲದ, ಬರೀ ಕಿಲ್ಲೆಯ ಅಂಚಿನ ಒಂದು ಚಿತ್ರ ಫೈಲಾಗಿ ಉಳಿಯಿತು.

ಭಾನುವಾರ ಆಕೆಗೆ ಹೇಳಿದೆ.

“ಮರೆಯಂಗಿಲ್ಲ ಅಂದಿದ್ರಲ್ರಿ ಮತ್ತ?”

“ಅಂದಿದ್ದೆ.”

“ಅವನೂ ಅದಽ ನಂಬಿದ್ದ ನೋಡ್ರಿ. ಹೊಸಾ ಚಪ್ಪಲಿ ಬೇಕು ಅಂದ್ರ, ಆ ಅಕ್ಕಾರ ಮಷೀನದಾಗ ನಿನ್ನ ಚಪ್ಪಲಿ ಹಂಗಽ ಅದಾವ, ಹೋಗಿ ತಗೋ ಅಂತಿದ್ದ.” ಅಷ್ಟು ಹೇಳಿ ನಕ್ಕಳು. ಆಮೇಲೆ ನೀರಿನ ಕ್ಯಾನು ಎತ್ತಿಕೊಂಡು ಹೋದಳು. ಈಗ ನೀರಿಗೆ ಬೇರೆಯವರು ಬರುತ್ತಾರೆ.

ಅವನ ಮುಖ ನನಗೂ ನೆನಪಿಲ್ಲ. ನಾನು ಆವತ್ತು ನೋಡುತ್ತಿದ್ದದ್ದು ಸೆಕೆಂಡುಗಳನ್ನು. ಆದರೆ ಆ ಬಾಗಿಲಲ್ಲಿ ಕ್ಯಾಮೆರಾ ಹಿಡಿದವಳು ನಾನೊಬ್ಬಳೇ ಆಗಿರಲಿಲ್ಲ. 2009ರ ಜನವರಿ 18, ಬೆಳಿಗ್ಗೆ ಹನ್ನೊಂದೂವರೆಯಿಂದ ಮಧ್ಯಾಹ್ನ ಎರಡರವರೆಗೆ ದೌಲತಾಬಾದ್ ಕಿಲ್ಲೆಗೆ ಹೋಗಿದ್ದವರು ನಿಮ್ಮ ಮನೆಯ ಆಲ್ಬಮ್ಮಿನಲ್ಲಿ, ಹಳೆಯ ಸೀಡಿಗಳಲ್ಲಿ ಒಮ್ಮೆ ನೋಡಿ. ನಿಮ್ಮವರ ಮುಖಗಳನ್ನಲ್ಲ, ಅವರ ಹಿಂದೆ, ಪೇರಲ ಗಾಡಿಗಳ ಹತ್ತಿರ ನೋಡಿ. ಗಿಳಿಹಸಿರು ಬಣ್ಣದ ತುಂಬುತೋಳಿನ ಅಂಗಿ ತೊಟ್ಟ, ಕೈಯಲ್ಲಿ ಹೆಂಗಸರ ಒಂದು ಜೊತೆ ಚಪ್ಪಲಿ ಹಿಡಿದ ಗಂಡಸು ಕಂಡರೆ, ಎಷ್ಟೇ ಚಿಕ್ಕದಾಗಿರಲಿ, ಮಸುಕಾಗಿರಲಿ, ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ. ಕಟ್ಟಡ ಇನ್ನೂ ಮೂರನೇ ಮಹಡಿಯಲ್ಲಿದೆ. ಅದು ಮುಗಿಯುವವರೆಗೆ ತಾಯಿ ಮಗಳು ಇಲ್ಲಿಯೇ ಇರುತ್ತಾರೆ.