ಪಾಸ್‌ವರ್ಡಿಗೆ ರಜೆ ಕೊಟ್ಟ ವಿಜಯಶ್ರೀ

ಬೀದರಿನಿಂದ ಈ ತೆಲುಗು ಊರಿಗೆ ಬಂದ ವಿಜಯಶ್ರೀ ಕೊಂಡಾಪುರದ ಒಂದು ಸಣ್ಣ ಕಂಪನಿಯಲ್ಲಿ ಕೂತು, ಊರಿನ ಇನ್ನೊಂದು ತುದಿಗಿರುವ ಕೋಠಿಯ ನಮ್ಮ ಔಷಧಿ ಅಂಗಡಿಯ ಕಂಪ್ಯೂಟರನ್ನು ನೋಡಿಕೊಳ್ಳುತ್ತಾಳೆ. ನಾನು ಅಲ್ಲಿ ಲೆಕ್ಕ ಬರೆಯುವವನು; ನನ್ನ ಎಟಿಎಂ ನಂಬರನ್ನು ಹೆಂಡತಿಗೆ ಫೋನು ಮಾಡಿ ಕೇಳುವಷ್ಟು ಜಾಣ. ದಿನಾ ಸಂಜೆ ಅವಳ ಆಫೀಸಿನ ಕಂಪ್ಯೂಟರು ಯಾರೂ ಮುಟ್ಟದೆ ತಾನಾಗಿ ನಮ್ಮದರೊಳಗೆ ಬಂದು, ಸ್ಟಾಕಿನ ನಕಲು ತೆಗೆದುಕೊಂಡು ಹೋಗುತ್ತದೆ. ಒಳಗೆ ಬರಲು ಒಂದು ಪಾಸ್‌ವರ್ಡು.

ಮಾಲೀಕ ಗುರುಶಾಂತಪ್ಪನವರು ಪ್ರತಿ ದೀಪಾವಳಿಗೆ ಅದನ್ನು ಬದಲಾಯಿಸಿ, ಚೀಟಿಗೆ ಕುಂಕುಮ ಹಚ್ಚಿ ಮಾನಿಟರಿಗೆ ಅಂಟಿಸುತ್ತಿದ್ದರು. ಆಮೇಲೆ ವಿಜಯಶ್ರೀಗೆ ಫೋನಿನಲ್ಲಿ ಒದರುತ್ತಿದ್ದರು. ಬಸ್ಸಿಗೆ ಕಾಯುವವರಿಗೂ ಅಕ್ಷರ ಅಕ್ಷರ ಕೇಳುತ್ತಿತ್ತು.

ಹೋದ ತಿಂಗಳು ಯಾರೋ ಅದೇ ಪಾಸ್‌ವರ್ಡಿನಿಂದ ನುಗ್ಗಿ ಇನ್ಸುಲಿನ್ ಸ್ಟಾಕಿನ ವಿವರವನ್ನೆಲ್ಲ ಅಳಿಸಿಹಾಕಿದರು. ನಕಲಿತ್ತು, ಬದುಕಿದೆವು. ಇನ್ನೊಮ್ಮೆ ಆದರೆ ನಿಮ್ಮ ಕಂಪನಿ ಬೇಡ ಎಂದರು ಮಾಲೀಕರು. ಇನ್ನೊಮ್ಮೆ ಆದರೆ ನೀನು ಬೇಡ ಎಂದರು ಕಂಪನಿಯವರು. ವಿಜಯಶ್ರೀ ಆಟೋ ಹಿಡಿದು, ಆಟೋದವನ ಜೊತೆ ತೆಲುಗಿನಲ್ಲಿ ಜಗಳಾಡಿ, ಕೋಠಿಯಲ್ಲಿ ಇಳಿದಳು.

"ಕಾಕಾ, ಪಾಸ್‌ವರ್ಡ್ ಬಂದ್ ಮಾಡೂಣು. ಜೋಡಿ ಕೀಲಿ ಮಾಡೀನಿ. ಗುಟ್ಟಿಂದು ನಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗೂದಿಲ್ಲ. ಇನ್ನೊಂದು ನಿಮಗ ವಾಟ್ಸಾಪ್ ಮಾಡೀನಲ್ಲ, ಅದನ್ನ ಇಲ್ಲಿ ಹಾಕಬೇಕು."

ಗುರುಶಾಂತಪ್ಪ ಫೋನನ್ನು ಎದೆಗೆ ಒತ್ತಿಕೊಂಡರು. "ನೀ ಆ ಕಡೆ ತಿರುಗವಾ. ನಾನ ಟೈಪ್ ಮಾಡ್ತೀನಿ."

"ಕಳಿಸಿದಾಕೀನ ನಾನು ಕಾಕಾ!"

"ಕಳಿಸಿದ್ರೇನಾತು? ಒಮ್ಮೆ ಮೋಸ ಹೋದಾವ ನಾ."

"ಇದನ್ನ ಬಸ್ಸಿನ ಮ್ಯಾಲ ಬರೆಸಿದ್ರೂ ಏನೂ ಆಗೂದಿಲ್ರಿ. ಬಂದವನ ಹತ್ರ ಇದರ ಜೋಡಿ ಐತೋ ಇಲ್ಲೋ ನೋಡಾಕಷ್ಟ ಇದು."

ಕೂಗಬಾರದ್ದನ್ನು ಕೂಗಿ, ಕೂಗಬಹುದಾದದ್ದನ್ನು ಬಚ್ಚಿಡುವುದು ನಮ್ಮ ಅಂಗಡಿಯ ವೈಶಿಷ್ಟ್ಯ. "ಗುಟ್ಟಿನ ಕೀಲಿ ಕಳಿಸದ, ಅದು ತನ್ನ ಹತ್ರ ಐತಂತ ನಿಮ್ಮ ಕಂಪ್ಯೂಟರ್ ಹೆಂಗ ತೋರಸ್ತೈತಿ?" ಎಂದೆ ನಾನು.

"ನಿಮ್ಮ ಕಂಪ್ಯೂಟರ್ ಪ್ರತಿ ಸಲ ಹೊಸಾ ಕಾಗದ ಕೊಡತೈತಿ ಅಂತ ತಿಳೀರಿ. ನಮ್ಮದು ಅದಕ್ಕ ಗುಟ್ಟಿನ ಕೀಲಿಯಿಂದ ಸಹಿ ಹಾಕತೈತಿ. ಸಹಿ ಖರೇನೋ ಸುಳ್ಳೋ ಅಂತ ನಿಮ್ಮ ಕಡೆ ಇರೂ ಕೀಲಿ ನೋಡತೈತಿ. ಸಹಿ ಬರತೈತಿ, ಕೀಲಿ ಬರೂದಿಲ್ಲ."

ಅರ್ಥವಾದವನಂತೆ ತಲೆಯಾಡಿಸಿದೆ.

ಕೀಲಿ ಹಾಕಿದ್ದಾಯಿತು. ಅದು ಕೆಲಸ ಮಾಡುವುದನ್ನು ಖಾತ್ರಿ ಮಾಡಿಕೊಂಡೇ ಅವಳು ಪಾಸ್‌ವರ್ಡ್ ಬಂದ್ ಮಾಡಿದಳು. ಆಮೇಲೆ, ಹೊರಗಿನಿಂದ ಯಾರ್ಯಾರು ಬಾಗಿಲು ಬಡಿಯುತ್ತಿದ್ದಾರೆಂದು ಪರದೆಯ ಮೇಲೆ ತೋರಿಸಿದಳು. ಸಾಲಿನ ಹಿಂದೆ ಸಾಲು ಏರಿ ಬಂತು. ಯಾವ ದೇಶದವರೋ, ಯಾವ ಯಂತ್ರಗಳೋ, ನಮ್ಮ ಕೆಮ್ಮಿನ ಔಷಧಿಯ ಅಂಗಡಿಗೆ ಮುಗಿಬಿದ್ದು, ಒಬ್ಬೊಬ್ಬರಾಗಿ ವಾಪಸಾಗುತ್ತಿದ್ದರು. ಗಿರಾಕಿ ಎರಡು ಸಲ ಕರೆದ, ಯಾರೂ ತಿರುಗಲಿಲ್ಲ.

"ಇವರೆಲ್ಲಾ ಯಾರವಾ?"

"ಗೊತ್ತಿಲ್ಲ ಕಾಕಾ. ಮದಲಿಂದ ಬರಾಕತ್ತಾರ."

ಸಂಜೆಯಾಗುತ್ತಲೇ ಆ ನೂಕುನುಗ್ಗಲಿನ ನಡುವೆ ಕೊಂಡಾಪುರದ ಒಂದೇ ಒಂದು ಸಾಲು ಬಂತು. ಸದ್ದಿಲ್ಲದೆ ಒಳಗೆ ಹೋಯಿತು, ನಕಲು ತೆಗೆದುಕೊಂಡು ಹೊರಟುಹೋಯಿತು.

ಗುರುಶಾಂತಪ್ಪ ಅವಳ ಸಾಹೇಬರಿಗೆ ಫೋನು ಹಚ್ಚಿದರು. "ಈ ಹುಡುಗಿ ಇರೂತನಕ ನಾವು ನಿಮ್ಮ ಜೋಡೀನ ಇರ್ತೀವ್ರಿ." ಮಾತು ಅಲ್ಲಿ, ಕಣ್ಣು ಮಾತ್ರ ಪರದೆಯ ಮೇಲೆಯೇ.