ಗಿಟ್ಲಾ ಶಾಫ್ರಾನ್ ಹೇಳಿದ ಸಾಕ್ಷಿ

ಬಿಯಾಲಿಸ್ತೋಕ್ ಪಟ್ಟಣದ ಹೊಲಿಗೆ ಸಂಘದಲ್ಲಿ ನನ್ನ ಪಕ್ಕದ ಯಂತ್ರ ಗಿಟ್ಲಾ ಶಾಫ್ರಾನಳದು. ಕೋಟುಗಳಿಗೆ ಒಳಪದರ ಹೊಲಿಯುತ್ತಿದ್ದಳು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಅವಳನ್ನೂ ತಂಗಿ ಎಸ್ತೆರಾಳನ್ನೂ ಸಾವಿನ ಶಿಬಿರಕ್ಕೆ ಸಾಗಿಸಿದ್ದರು. ಅಲ್ಲಿ ಅವರಿಗೆ ಹಚ್ಚಿದ ಕೆಲಸ, ರೈಲಿಳಿದು ನೇರ ವಿಷಾನಿಲದ ಕೋಣೆಗೆ ಹೋದವರ ಬಟ್ಟೆ ವಿಂಗಡಿಸುವುದು. ಒಂದು ದಿನ ರಾಶಿಯಲ್ಲಿ ಅಮ್ಮನ ಸ್ವೆಟರ್ ಸಿಕ್ಕಿತು. ಎಸ್ತೆರಾ ಅದನ್ನು ಮುಖಕ್ಕೊತ್ತಿಕೊಂಡು ಅತ್ತಳು. ಕಾವಲುಗಾರ ರುಪ್ಪೆರ್ಟ್ ಸಲಿಕೆಯ ಹಿಡಿಯಿಂದ ಅವಳನ್ನು ಬಡಿದು ಕೊಂದ. ಗಿಟ್ಲಾ ಬಟ್ಟೆ ಮಡಿಸುತ್ತಲೇ ಇರಬೇಕಾಯಿತು.

ಇಪ್ಪತ್ತೆರಡು ವರ್ಷಗಳ ನಂತರ ರುಪ್ಪೆರ್ಟನ ವಿರುದ್ಧ ಸಾಕ್ಷಿ ಹೇಳಲು ಗಿಟ್ಲಾಗೆ ಜರ್ಮನಿಯ ನ್ಯಾಯಾಲಯದಿಂದ ಕರೆ ಬಂತು. ಜೊತೆಗೆ ನಾನೂ ಹೋದೆ. ರುಪ್ಪೆರ್ಟ್ ಈಗ ಬೇಕರಿ ಮಾಲೀಕ. ಇಸ್ತ್ರಿ ಮಾಡಿದ ಸೂಟು, ಕೆಂಪು ಕೆನ್ನೆ.

ಅವನ ವಕೀಲ ನಯವಾಗಿ ಕೇಳಿದ: "ಅದು ಯಾವ ತಾರೀಖು ಅಮ್ಮಾ? ಎಷ್ಟು ಗಂಟೆ ಆಗಿತ್ತು?"

ದುಭಾಷಿ ಬಾಯಿ ತೆರೆಯುವ ಮೊದಲೇ ಗಿಟ್ಲಾ ಜರ್ಮನ್‌ನಲ್ಲೇ ಸಿಡಿದಳು. "ಗಂಟೇನಾ? ನಮ್ಮ ಗಡಿಯಾರಾನೆಲ್ಲಾ ಕಿತ್ಕೊಂಡಿದ್ರಲ್ಲ ಸ್ವಾಮಿ! ಅಲ್ಲಿ ಕೂತವನನ್ನೇ ಕೇಳಿ. ಅವತ್ತು ಅವನ ಕೈಮೇಲೆ ಮೂರು ಇದ್ವು."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು, "ದ್ವೇಷ ಬಿಟ್ಟು ಸಾಕ್ಷಿ ಹೇಳಿ" ಎಂದರು.

"ದ್ವೇಷ ಬಿಟ್ಟು ಹೇಳಿದ್ರೆ ಅರ್ಧ ಸುಳ್ಳಾಗುತ್ತೆ. ಅದನ್ನೂ ಬರ್ಕೊಳ್ಳಿ."

ತಾರೀಖಿಲ್ಲದ ಕಾರಣ ಎಸ್ತೆರಾಳ ಕೊಲೆ ಸಾಬೀತಾಗಲಿಲ್ಲ. ಉಳಿದ ಆರೋಪಗಳಿಗೆ ಮೂರು ವರ್ಷ ಶಿಕ್ಷೆ. ತೀರ್ಪಿಗೆ ಮುಂಚೆ ಸೆರೆಯಲ್ಲಿದ್ದ ಕಾಲವನ್ನು ಅದರಲ್ಲಿ ಕಳೆದು, ರುಪ್ಪೆರ್ಟನನ್ನು ಅಂದೇ ಮನೆಗೆ ಬಿಟ್ಟರು.

ಮರುದಿನ ಬೆಳಿಗ್ಗೆ ಗಿಟ್ಲಾ ಸೀದಾ ಅವನ ಬೇಕರಿಗೆ ನಡೆದಳು, ಹಿಂದೆಯೇ ನಾನೂ. ಗಿರಾಕಿಗಳು ಸಾಲುಗಟ್ಟಿದ್ದರು. "ಈ ರೊಟ್ಟಿ ನಾದಿದ ಕೈ ನನ್ನ ತಂಗೀನ ಕೊಂದ ಕೈ. ಹತ್ತೊಂಬತ್ತು ವರ್ಷ ಅವಳಿಗೆ. ಎಸ್ತೆರಾ ಅಂತ ಹೆಸರು," ಎಂದು ಒಬ್ಬೊಬ್ಬರ ಮುಖ ನೋಡಿ ಹೇಳಿದಳು.

ಟೋಪಿ ತೊಟ್ಟ ಹೆಂಗಸೊಬ್ಬಳು ನಿಟ್ಟುಸಿರುಬಿಟ್ಟಳು. "ಬಿಡಿ ತಾಯಿ, ಹಳೇ ಕಥೆ. ಪಾಪ, ಮಕ್ಕಳಿಗೆಲ್ಲ ಪುಕ್ಕಟೆ ಬನ್ನು ಕೊಡ್ತಾರೆ ಅವ್ರು."

"ಯಾವ ಮಕ್ಕಳಿಗೆ?" ಗಿಟ್ಲಾ ಕಿರುಚಿದಳು. "ಅಲ್ಲಿಗೆ ರೈಲಲ್ಲಿ ಬಂದ ಮಕ್ಕಳಿಗೆ ಏನ್ ಕೊಟ್ಟ ಅಂತ ಕೇಳಿದ್ರಾ?"

ಯಾರೂ ಸಾಲು ಬಿಡಲಿಲ್ಲ. ಪೊಲೀಸರು ಬಂದು ಅವಳ ತೋಳು ಹಿಡಿದು ಹೊರಗೆಳೆದರು. ನನಗಂತೂ ಆ ಬೇಕರಿಯ ಗಾಜಿಗೆ ಕಲ್ಲೆಸೆಯಬೇಕೆನಿಸಿತ್ತು. ಎಸೆಯಲಿಲ್ಲವಲ್ಲ ಎಂದು ಇಂದಿಗೂ ಕುದಿಯುತ್ತೇನೆ.

ಮುಂದಿನ ವರ್ಷ ಅದೇ ಶಿಬಿರದ ಇನ್ನೊಬ್ಬ ಕಾವಲುಗಾರನ ಮೊಕದ್ದಮೆಗೆ ಕರೆ ಬಂತು. "ಮತ್ತೆ ಯಾಕೆ ಅವಮಾನ ಮಾಡಿಸ್ಕೋತೀಯೆ?" ಎಂದೆ.

"ನಾನು ಹೋಗ್ದಿದ್ರೆ ನನ್ನ ತಂಗಿ ಹೆಸರು ಅಲ್ಲಿ ಇನ್ಯಾರೇ ಹೇಳ್ತಾರೆ?" ಎಂದು ಗದರಿ, ರಜೆಯ ಅರ್ಜಿ ಬರೆಯಲು ಕುಳಿತಳು.