ಯಾರ್ಕ್ ಚರ್ಚಿನಲ್ಲಿ ಒಂದು ವಾಹ್ವಾ

ಮೊನ್ನೆ ಮಧ್ಯಾಹ್ನ ಬಿರುಗಾಳಿಗೆ ಟೆಕ್ಸಾಸಿನ ಫ್ಲವರ್ ಮೌಂಡ್ ಊರಿನ ನಮ್ಮ ಬೀದಿಯ ಕರೆಂಟು ಹೋಯಿತು. ಅದು ಬಂದ ಮೇಲೆ ಮೇಣದಬತ್ತಿ ಆರಿಸಿದೆ. ಆ ಹೊಗೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಇಂಗ್ಲೆಂಡಿನ ಯಾರ್ಕ್ ಊರಿಗೆ ಹೋಗಿ ಕೂತಿತು. ನಿಮಗೂ ಹೇಳಿಬಿಡುತ್ತೇನೆ, ತೀರ್ಪು ನೀವೇ ಕೊಡಿ.

ಹೆಂಡತಿ, ಮಗಳು, ನಾನು ಅಲ್ಲಿ ಕಳೆದದ್ದು ಒಂದೇ ದಿನ. ಬೆಳಿಗ್ಗೆ ಕೋಟೆಗೋಡೆಯ ಮೇಲೆ ನಡೆದೆವು. ಹಾಲು ತರಲಿಕ್ಕೂ ಕಾರು ಹತ್ತುವ ಟೆಕ್ಸಾಸಿನ ಕಾಲುಗಳು ಮಧ್ಯಾಹ್ನಕ್ಕೇ ಮುಷ್ಕರ ಹೂಡಿದವು. ಓಣಿಗಳೋ, ಎದುರುಬದುರು ಮನೆಯವರು ಕಿಟಕಿಯಿಂದಲೇ ಉಪ್ಪಿನಕಾಯಿ ಕೊಟ್ಟು ತೆಗೆದುಕೊಳ್ಳುವಷ್ಟು ಇಕ್ಕಟ್ಟು. ಸಂಜೆ ಕೂರಲು ಜಾಗ ಸಿಕ್ಕೀತೆಂದು ದೊಡ್ಡ ಚರ್ಚಿಗೆ ಹೋದೆವು. ಅಲ್ಲಿ ಮೇಣದಬತ್ತಿಗಳ ನಡುವೆ ಪ್ರಾರ್ಥನೆಯ ಹಾಡು ಶುರುವಾಯಿತು.

ನಾನು ಧಾರವಾಡದವನು. ನಮ್ಮ ಸಂಗೀತದ ಬೈಠಕ್ಕುಗಳಲ್ಲಿ ಸುಮ್ಮನೆ ಕೂತವನನ್ನು ಗವಾಯಿ ಕಿವುಡನೆಂದೇ ತಿಳಿಯುತ್ತಾನೆ. “ಛಲೋ ಅನ್ಸಿದ್ದನ್ನ ನುಂಗಬಾರ್ದೋ ತಮ್ಮಾ, ಹಾಡಾಂವ ಹಸ್ದಿರ್ತಾನ,” ಎನ್ನುತ್ತಿದ್ದರು ನಮ್ಮ ಸೋದರಮಾವ. ಚರ್ಚಿನಲ್ಲಿ ಒಂಟಿ ದನಿಯೊಂದು ಮೇಲೇರಿ, ಕಮಾನಿನ ಹತ್ತಿರ ನಿಂತು, ಮೆಲ್ಲಗೆ ಇಳಿಯಿತು. “ವಾಹ್ವಾ!” ಎಂದುಬಿಟ್ಟೆ. ಆ ಕಲ್ಲುಕಟ್ಟಡ ಬೇರೆ ಅದನ್ನು ಎತ್ತಿಕೊಂಡು ಮತ್ತೆರಡು ಸಲ ಹೇಳಿತು.

ತಲೆಗಳು ತಿರುಗಿದವು. “ಇದೇನ್ ಧಾರವಾಡ ಅಂತ ತಿಳಕೊಂಡೀರೇನ್ರಿ?” ಎಂದು ಹೆಂಡತಿ ತೊಡೆ ಚಿವುಟಿದಳು. ಮಗಳು ಎದ್ದು ಹಿಂದಿನ ಸಾಲಿಗೆ ಹೋಗಿ, ಬೇರೆ ಯಾರದೋ ಮಗಳಂತೆ ಕೂತಳು. ಅದರಿಂದ ನೋವಾಯಿತು. ಆದರೂ ಕ್ಷಮೆ ಕೇಳಲಿಲ್ಲ, ಇಂದಿಗೂ ಕೇಳುವುದಿಲ್ಲ. ದೇವರ ಮನೆಯಲ್ಲಿ ಕೆಮ್ಮಬಹುದು, ಸೀನಬಹುದು, ಚೆನ್ನಾಗಿದೆ ಎನ್ನಬಾರದೇ?

ಶಿಕ್ಷೆಯೇನೋ ಆಯಿತು. ಅಂದಿನಿಂದ ಮಗಳು ತನ್ನ ಶಾಲೆಯ ಗಾಯನವೃಂದದ ಕಾರ್ಯಕ್ರಮಗಳಿಗೆ ಅಮ್ಮನನ್ನಷ್ಟೇ ಕರೆಯುತ್ತಾಳೆ. ಅವಳು ಹಾಡುವುದನ್ನು ಕೇಳಬೇಕೆಂದು ನನ್ನ ಜೀವ ಒದ್ದಾಡುತ್ತದೆ.

ಮೊನ್ನೆ, ಮೇಣದಬತ್ತಿ ಆರಿಸಿ ನಾನು ಈ ಯೋಚನೆಯಲ್ಲಿರುವಾಗಲೇ, ಅವಳು ಎದುರು ಬಂದು ನಿಂತಳು. “ಅಪ್ಪಾ, ಯು ಕ್ಯಾನ್ ಕಮ್ ದಿಸ್ ಟೈಮ್. ಬಟ್ ನೋ ವಾಹ್ವಾ. ಪ್ರಾಮಿಸ್?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. “ಬಂದ್ರ ಬಾಯಿ ತೊಗೊಂಡ ಬರ್ತೇನಿ,” ಎಂದೆ. “ಇಲ್ಲಾಂದ್ರ ಬರೂದಿಲ್ಲ.”

ಅವಳು ಸಣ್ಣ ದನಿಯಲ್ಲಿ, “ಐ ಹ್ಯಾವ್ ಎ ಸೋಲೋ. ವಾಟ್ ಇಫ್ ಐ ಸಿಂಗ್ ಬ್ಯಾಡ್ಲಿ?” ಎಂದಳು.

“ಆವಾಗ ಸುಮ್ಮನ ಕೂಡ್ತೇನಿ.”

ಅವಳು ಮಹಡಿ ಹತ್ತಿದಳು. ಯಾವಾಗಲೂ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವವಳು ಅಂದು ತೆರೆದಿಟ್ಟೇ ಹಾಡಿದಳು. ನಾನು ಕೆಳಗೆ ಸುಮ್ಮನೆ ಕೇಳುತ್ತಾ ಕೂತೆ. ಹಾಡು ನಿಂತಿತು.

“ವೆಲ್?” ಮೇಲಿನಿಂದ ದನಿ ಬಂತು.

“ವಾಹ್ವಾ ಇನ್ನೂ ಬಂದಿಲ್ಲ,” ಎಂದೆ.

ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು.